ಹಿಮನದಿಗೆ ಹೊರಡುವ ಮುನ್ನ: ನಂದಿ ಬೆಟ್ಟ ಕಲಿಸುವುದೆಷ್ಟು?

ಚಿಕ್ಕಬಳ್ಳಾಪುರದ ಕಡೆಯಿಂದ ಯಾರಾದರೂ ಹಿಮನದಿ ಅಳೆಯಲು ಹಿಮಾಲಯಕ್ಕೆ ಹೊರಟರೆ ಸಿಗುವ ಮೊದಲ ಸಲಹೆ, "ಸುಲ್ತಾನ್‌ಪೇಟೆಯಿಂದ ನಂದಿ ಮೆಟ್ಟಿಲು ಹತ್ತಿ ಇಳೀರಿ, ಸಾಕು." ಕಾಲಿಗೆ ಸಾಕು, ಒಪ್ಪೋಣ. ಬೆನ್ನಿಗೆ ಭಾರದ ಚೀಲ ಏರಿಸಿಕೊಂಡರೆ ಇನ್ನೂ ಒಳ್ಳೆಯದು. ಮಂಡಿ ನೋವು ಕಾಣಿಸಿಕೊಳ್ಳುವುದಾದರೆ ಇಳಿಯುವಾಗ ಇಲ್ಲೇ ಕಾಣಿಸಿಕೊಳ್ಳಲಿ. ಆದರೆ ಎತ್ತರಕ್ಕೆ ಒಗ್ಗಿಕೊಳ್ಳುವುದು ಬೇರೆಯೇ ಪಾಠ.

ನಂದಿಯ ತುದಿ 1,478 ಮೀಟರ್. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 84%. 5,000 ಮೀಟರ್‌ನಲ್ಲಿ ಸುಮಾರು 53%. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ 21 ಪ್ರತಿಶತವೇ. ತಗ್ಗುವುದು ಒತ್ತಡ, ಅದರಿಂದಾಗಿ ಒಂದೊಂದು ಉಸಿರಿಗೆ ದಕ್ಕುವ ಆಮ್ಲಜನಕ. ದಿನವೂ ನಂದಿ ಹತ್ತುವ ಗಟ್ಟಿಗನಿಗೂ ಮೇಲೆ ತಲೆ ಸಿಡಿಯಬಹುದು.

ಒಗ್ಗಿಕೊಳ್ಳಲು ಬೇಕಾದದ್ದು ಮೇಲೆ ಕಳೆದ ರಾತ್ರಿಗಳು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ಹಿಮಾಚಲ ಪ್ರದೇಶದ ಲಾಹೌಲ್‌ನ ಛೋಟಾ ಶಿಗ್ರಿ ಹಿಮನದಿಯನ್ನೇ ತೆಗೆದುಕೊಳ್ಳಿ. ಮನಾಲಿ ಇರುವುದು ಸುಮಾರು 2,000 ಮೀಟರ್‌ನಲ್ಲಿ. ಜೀಪು ಹತ್ತಿದರೆ ಒಂದೇ ದಿನದಲ್ಲಿ 4,000ದ ಹತ್ತಿರ ಇಳಿಸಿಬಿಡುತ್ತದೆ. ರಸ್ತೆ ಚೆನ್ನಾಗಿದೆಯೆಂದು ದೇಹವೂ ಅಷ್ಟೇ ಬೇಗ ಒಗ್ಗುವುದಿಲ್ಲ. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಬಂದರೆ ಅಲ್ಲಿಂದ ಮೇಲೆ ಹೋಗುವಂತಿಲ್ಲ. ಕೂತಲ್ಲೇ ಏದುಸಿರು, ನಡೆಯುವಾಗ ತೂರಾಟ ಕಂಡರೆ ತಕ್ಷಣ ಕೆಳಗಿಳಿಸಬೇಕು. ಎತ್ತರಕ್ಕೆ ಒಗ್ಗಿಕೊಳ್ಳಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆಯ ವಿಚಾರ ಹೊರಡುವ ಮುಂಚೆಯೇ ವೈದ್ಯರ ಹತ್ತಿರ ಕೇಳಿಕೊಳ್ಳಿ.

ಇನ್ನು ಕೆಲಸ. ಛೋಟಾ ಶಿಗ್ರಿಯಲ್ಲಿ 2002ರಿಂದ ಹಿಮದ ಆಯವ್ಯಯ, ಅಂದರೆ ವರ್ಷಕ್ಕೆ ಸೇರಿದ್ದೆಷ್ಟು, ಕರಗಿದ್ದೆಷ್ಟು ಎಂದು, ಅಳೆಯುತ್ತಿದ್ದಾರೆ. ಹಿಮನದಿಯ ಕೆಳಭಾಗದಲ್ಲಿ ಸ್ಟೀಮ್ ಡ್ರಿಲ್‌ನಿಂದ (ಬಿಸಿ ಹಬೆಯಿಂದ ಕೊರೆಯುವ ಸಾಧನ) ತೂತು ಕೊರೆದು ಬಿದಿರು ಗಳ ಇಳಿಸುತ್ತಾರೆ. ಲೋಹದ ಕಂಬವಾದರೆ ಬಿಸಿಲಿಗೆ ಕಾದು ತನ್ನ ಸುತ್ತಲಿನ ಮಂಜುಗಡ್ಡೆಯನ್ನೇ ಕರಗಿಸಿಬಿಡಬಹುದು. ಹೋದ ವರ್ಷ ಗಳ 1.2 ಮೀಟರ್ ಹೊರಗಿತ್ತು, ಈ ವರ್ಷ 3.2 ಇದೆ ಎಂದಿಟ್ಟುಕೊಳ್ಳಿ. ಕರಗಿದ್ದು 2 ಮೀಟರ್ ಮಂಜುಗಡ್ಡೆ. ಅದರ ಸಾಂದ್ರತೆ ಘನ ಮೀಟರ್‌ಗೆ ಸುಮಾರು 900 ಕೆ.ಜಿ., ಅಂದರೆ ನೀರಿನ ಲೆಕ್ಕದಲ್ಲಿ 1.8 ಮೀಟರ್. ಮೇಲ್ಭಾಗದಲ್ಲಿ ಹಿಮ ಸೇರುವ ಕಡೆ ಗುಂಡಿ ತೋಡಬೇಕು. 500 ಸಿ.ಸಿ. ಕೊಳವೆಯಲ್ಲಿ 200 ಗ್ರಾಂ ಹಿಮ ಸಿಕ್ಕರೆ ಸಾಂದ್ರತೆ ಘನ ಮೀಟರ್‌ಗೆ 400 ಕೆ.ಜಿ.; ಅಲ್ಲಿ 2 ಮೀಟರ್ ಹಿಮ ಬಿದ್ದಿದ್ದರೂ ನೀರು 0.8 ಮೀಟರ್ ಅಷ್ಟೇ. ಬರೀ ಆಳ ಬರೆದುಕೊಂಡು ಬಂದರೆ ಲೆಕ್ಕವೇ ಕೂಡುವುದಿಲ್ಲ.

ಇದರ ಅಭ್ಯಾಸಕ್ಕೆ ಹಿಮ ಬೇಡ. ಸಿವಿಲ್ ಎಂಜಿನಿಯರಿಂಗ್ ಲ್ಯಾಬಿನ ಕೋರ್ ಕಟ್ಟರ್ (ಮಣ್ಣಿನ ಮಾದರಿ ತೆಗೆಯುವ ಲೋಹದ ಕೊಳವೆ) ತಂದು ಕೆರೆ ಅಂಗಳದ ಮಣ್ಣಿಗೆ ಇಳಿಸಿ, ತೂಗಿ, ಬರೆಯಿರಿ, ವಿಧಾನ ಅದೇ. ದಪ್ಪ ಕೈಗವಸು ಹಾಕಿಕೊಂಡೇ ಮಾಡಿ. ಆಮೇಲೆ ಅದೇ ಕೈಯಲ್ಲಿ ಹಗ್ಗದ ಗಂಟು ಹಾಕಿ, ಬಿಚ್ಚಿ. ಹಿಮದ ಬಿರುಕಿನ ಹತ್ತಿರ ಗವಸು ತೆಗೆದು ಗಂಟು ನೆನಪಿಸಿಕೊಳ್ಳುತ್ತಾ ಕೂರಲು ಆಗುವುದಿಲ್ಲ.

ವರ್ಷದ ಅಳತೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿಗೆ, ಕರಗುವ ಕಾಲ ಮುಗಿದಾಗ. ಆಗ ರಾತ್ರಿ ಕೊರೆಯುವ ಚಳಿ; ಬ್ಯಾಟರಿಗಳನ್ನು ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ. ಬರೆಯಲು ಪೆನ್ಸಿಲ್. ಕಪ್ಪು ಕನ್ನಡಕ ಶೋಕಿಗಲ್ಲ, ಹಿಮದ ಬೆಳಕಿಗೆ ಕಣ್ಣು ಸುಡುತ್ತದೆ.

ಊಟ: 5,000 ಮೀಟರ್‌ನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ರಾಗಿ ಹುರಿಹಿಟ್ಟು, ಬೆಲ್ಲ ಮನೆಯಿಂದಲೇ ಕಟ್ಟಿಕೊಂಡು ಹೋಗಿ, ಬೇಯಿಸುವ ಗೊಡವೆಯಿಲ್ಲ.