ಬಾವುಟದ ಬಲಗೈ ಯಾವ ಕಡೆ?

ಶಾಲೆಗಳಿಗೆ ಹೋಗಿ ರಾಷ್ಟ್ರಧ್ವಜ ಕಟ್ಟುವುದು, ಏರಿಸುವುದು, ಮಡಿಸುವುದು ಹೇಳಿಕೊಡುತ್ತೇನೆ. ಕಂಬದ ಹತ್ತಿರ ಈಗ ತಪ್ಪು ಕಮ್ಮಿ. ತಪ್ಪಾಗುವುದು ವೇದಿಕೆಯ ಹಿಂದಿನ ಗೋಡೆಗೆ ಉದ್ದುದ್ದಕ್ಕೆ ಇಳಿಬಿಡುವಾಗ. ಪ್ರತಿ ಆಗಸ್ಟ್‌ನಲ್ಲೂ ಇದೇ ಆಗುತ್ತದೆ, ನಿಜಕ್ಕೂ ಬೇಜಾರು.

ಹೀಗೆ ಇಳಿಬಿಟ್ಟಾಗ ಕೇಸರಿ ಧ್ವಜದ ಬಲಕ್ಕಿರಬೇಕು ಅನ್ನುತ್ತದೆ ಧ್ವಜ ಸಂಹಿತೆ. ನಿಮ್ಮ ಬಲಕ್ಕಲ್ಲ, ಧ್ವಜದ ಬಲಕ್ಕೆ. ಎದುರಿಗೆ ಮನೆಯ ಹಿರಿಯರೊಬ್ಬರು ನಿಮ್ಮನ್ನೇ ನೋಡುತ್ತಾ ನಿಂತಿದ್ದಾರೆ ಅಂದುಕೊಳ್ಳಿ. ಅವರ ಬಲಗೈ ನಿಮ್ಮ ಎಡಕ್ಕೆ ಬರುತ್ತದೆ ಅಲ್ವಾ? ಕೇಸರಿ ಅಲ್ಲಿ.

ನಾವು ಮಾಡುವುದೇನು? ಹಗ್ಗದ ಪಟ್ಟಿ ಎಡಕ್ಕಿದ್ದ ಧ್ವಜವನ್ನು ಸುಮ್ನೆ ತಿರುಗಿಸಿ, ಪಟ್ಟಿಯನ್ನು ಮೇಲಕ್ಕೆ ತರುತ್ತೇವೆ. ಆಗ ಕೇಸರಿ ನೋಡುವವರ ಬಲಕ್ಕೆ ಹೋಗಿಬಿಡುತ್ತದೆ. ಬಟ್ಟೆಯನ್ನೇ ಮಗುಚಿ, ಹಿಂದಿನ ಮುಖವನ್ನು ಮುಂದೆ ತರಬೇಕು. ಮನೆಯಲ್ಲಿ ಒಂದು ಟವೆಲ್ ಹಿಡಿದು ಮಾಡಿ ನೋಡಿ, ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ.

ಮಗುಚಿದರೂ ಧ್ವಜ ಧ್ವಜವಾಗಿಯೇ ಇರಬೇಕು, ಹಾಗಾಗಿಯೇ ಚರಕ ಹೋಗಿ ಚಕ್ರ ಬಂದಿದ್ದು. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ನೆಹರೂ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಚರಕದಲ್ಲಿ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು, ಹಾಗಾಗಿ ಎರಡು ಮುಖವೂ ಒಂದೇ ಥರ ಕಾಣುವುದಿಲ್ಲ. ಅದಕ್ಕೇ ಚಕ್ರವನ್ನಷ್ಟೇ ಉಳಿಸಿಕೊಂಡು, ಅಶೋಕನ ಸಾರನಾಥದ ಚಕ್ರದ ರೂಪ ಕೊಟ್ಟರು. 24 ಅರೆಗಳು, ಯಾವ ಕಡೆಯಿಂದ ನೋಡಿದರೂ ಅದೇ ಚಕ್ರ. ಎಷ್ಟು ಚೆಂದದ ಯೋಚನೆ! ಒಂದೇ ಮುಖಕ್ಕೆ ಅಚ್ಚು ಹಾಕಿದ ಬಟ್ಟೆ ಮಾತ್ರ ದಯವಿಟ್ಟು ಕೊಳ್ಳಬೇಡಿ.

ಒಂದು ಹಳ್ಳಿ ಶಾಲೆಯಲ್ಲಿ ಹೆಡ್‌ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, 'ಸರ್, ಕೇಸರಿ ಎಡಕ್ಕೆ ಬಂದರೆ ಒಂದು ಧರ್ಮದವರಿಗೆ ಬೇಸರ ಆಗಲ್ವಾ?' ಅಂದರು. ಪಾಪ, ಗಲಾಟೆ ಆದೀತು ಅನ್ನುವ ಭಯ. 1921ರಲ್ಲಿ ಗಾಂಧೀಜಿ ಮುಂದಿಟ್ಟ ಧ್ವಜದಲ್ಲಿ ಬಣ್ಣಗಳು ಧರ್ಮಗಳನ್ನು ಸೂಚಿಸುತ್ತಿದ್ದದ್ದು ನಿಜ. ಆದರೆ 1931ರಲ್ಲಿ ಕಾಂಗ್ರೆಸ್ಸೇ ಅದನ್ನು ಕೈಬಿಟ್ಟಿತು. ಕೇಸರಿ ಅಂದರೆ ಧೈರ್ಯ ಮತ್ತು ತ್ಯಾಗ, ಬಿಳಿ ಅಂದರೆ ಸತ್ಯ ಮತ್ತು ಶಾಂತಿ, ಹಸಿರು ಅಂದರೆ ನಂಬಿಕೆ ಮತ್ತು ಶೌರ್ಯ ಎಂದು ಠರಾವು ಮಾಡಿತು. ಇಷ್ಟು ಹೇಳಿದ್ದೇ ತಡ, ಮೇಡಂ ತಾವೇ ಸ್ಟೂಲ್ ಹತ್ತಿದರು. ಕೆಳಗೆ ಇಬ್ಬರು ಏಳನೇ ಕ್ಲಾಸಿನ ಹುಡುಗಿಯರು, ಅಂಚು ನೆಲಕ್ಕೆ ತಾಗದಂತೆ ಎರಡೂ ಅಂಗೈ ಚಾಚಿ ನಿಂತಿದ್ದರು.