ಕತ್ತರಿ ಸುಮ್ಮನಿರಬೇಕಾದ ಜಾಗ

ಎಡಿಟಿಂಗ್ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ತೋರಿಸುವುದು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ 'ಥ್ರೋನ್ ಆಫ್ ಬ್ಲಡ್'. 1957ರ ಕಪ್ಪು ಬಿಳುಪು ಚಿತ್ರ. ಕತೆ ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್'ನದು, ಆದರೆ ಆ ನಾಟಕದ ಪ್ರಸಿದ್ಧ ಮಾತುಗಳನ್ನು ಕುರೊಸಾವಾ ಇಟ್ಟುಕೊಂಡಿಲ್ಲ. ಸ್ಕಾಟ್ಲೆಂಡಿನ ಸರದಾರ ಇಲ್ಲಿ ವಾಶಿಜು ಎಂಬ ಸಮುರಾಯ್, ಅಂದರೆ ಜಪಾನಿನ ಯೋಧ. ಹೆಂಡತಿ ಅಸಾಜಿ.

ಒಂದು ದೃಶ್ಯವನ್ನು ಎರಡು ಸಲ ಹಾಕುತ್ತೇನೆ. ವಾಶಿಜು ದೊರೆಯನ್ನು ಕೊಲ್ಲಲು ಹೋಗಿದ್ದಾನೆ. ಕೊಲೆ ನಮಗೆ ಕಾಣುವುದಿಲ್ಲ. ನಾವು ಅಸಾಜಿಯ ಜೊತೆ ಕೋಣೆಯಲ್ಲೇ ಉಳಿಯುತ್ತೇವೆ. ಅವನು ರಕ್ತ ಮೆತ್ತಿದ ಈಟಿ ಹಿಡಿದು ಬರುತ್ತಾನೆ. ಬಿಗಿದ ಬೆರಳುಗಳು ಬಿಡುವುದೇ ಇಲ್ಲ. ಅವಳೇ ಈಟಿ ಕಿತ್ತುಕೊಂಡು ಹೋಗಿ, ಮಲಗಿದ ಕಾವಲುಗಾರರ ಬಳಿ ಇಟ್ಟು ಬರುತ್ತಾಳೆ. ಮಾತಿಲ್ಲ, ಕ್ಲೋಸ್‌ಅಪ್‌ಗೆ ಅವಸರವಿಲ್ಲ. ನಾವಾಗಿದ್ದರೆ ಇಲ್ಲಿ ಹತ್ತು ಕಟ್ ಹಾಕುತ್ತಿದ್ದೆವು, ಅಲ್ವಾ?

ಈ ತಾಳ್ಮೆ ಬಂದದ್ದು ಜಪಾನಿನ ಹಳೆಯ ರಂಗಕಲೆ 'ನೋ'ದಿಂದ. ನೋ ನಟ ಮುಖವಾಡ ಹಾಕಿ ಇಡೀ ಮೈಯಿಂದ ಅಭಿನಯಿಸುತ್ತಾನೆ. ಹಾಗಾಗಿಯೇ ಕುರೊಸಾವಾ ಪಾತ್ರಗಳನ್ನು ಅಡಿಯಿಂದ ಮುಡಿಯವರೆಗೆ ಜಾಸ್ತಿ ತೋರಿಸಿದರು. ವಾಶಿಜು ಆಗಿ ನಟಿಸಿದ ತೋಶಿರೋ ಮಿಫುನೆ, ಅಸಾಜಿ ಆಗಿ ನಟಿಸಿದ ಇಸುಜು ಯಮಾದಾ ಇಬ್ಬರಿಗೂ ಒಂದೊಂದು ನೋ ಮುಖವಾಡದ ಫೋಟೋ ಕೊಟ್ಟು, ನಿಮ್ಮ ಪಾತ್ರ ಇದು ಎಂದಿದ್ದರು.

ಹಾಗಂತ ಅವರು ಬರೀ ಜಪಾನಿನಲ್ಲೇ ಬೆಳೆದ ಮನಸ್ಸಲ್ಲ. ಕಲಿತದ್ದು ಪಾಶ್ಚಾತ್ಯ ಶೈಲಿಯ ಚಿತ್ರಕಲೆ. ಅಣ್ಣ ಮೂಕಿ ಚಿತ್ರಗಳಿಗೆ ಪರದೆಯ ಪಕ್ಕ ನಿಂತು ಕತೆ ಹೇಳುತ್ತಿದ್ದ 'ಬೆನ್ಶಿ'. ವಿದೇಶಿ ಸಿನಿಮಾಗಳ ರುಚಿ ಹತ್ತಿಸಿದವನೂ ಅವನೇ. ಅಮೆರಿಕದ ನಿರ್ದೇಶಕ ಜಾನ್ ಫೋರ್ಡ್ ಎಂದರೆ ಕುರೊಸಾವಾಗೆ ಅಪಾರ ಗೌರವ. ಆಮೇಲೆ ಪಶ್ಚಿಮವೂ ಅವರಿಂದ ಪಡೆಯಿತು: ಅವರದೇ 'ಸೆವೆನ್ ಸಮುರಾಯ್' 1960ರಲ್ಲಿ ಅಮೆರಿಕದಲ್ಲಿ ಕೌಬಾಯ್ ಚಿತ್ರವಾಯಿತು. 'ತೀರಾ ಪಾಶ್ಚಾತ್ಯ' ಎಂದು ಅವರ ನಾಡಿನ ವಿಮರ್ಶಕರು ಟೀಕಿಸಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಅಸಾಜಿಯನ್ನು ನೋಡಿದವರು ಹಾಗೆ ಹೇಳಬಹುದೇ?

ತಮ್ಮ ಚಿತ್ರಗಳನ್ನು ಅವರೇ ಎಡಿಟ್ ಮಾಡುತ್ತಿದ್ದರು. 'ಥ್ರೋನ್ ಆಫ್ ಬ್ಲಡ್'ನಲ್ಲಿ ಅಷ್ಟು ಹೊತ್ತು ತಡೆದಿಟ್ಟ ಕತ್ತರಿಯನ್ನು ಕೊನೆಗೆ ಎತ್ತಿಕೊಳ್ಳುತ್ತಾರೆ. ನಾಟಕದಲ್ಲಿ ಮ್ಯಾಕ್‌ಬೆತ್ ಶತ್ರುವಿನ ಕೈಯಲ್ಲಿ ಸಾಯುತ್ತಾನೆ. ಇಲ್ಲಿ ವಾಶಿಜುವಿನ ಸ್ವಂತ ಸೈನಿಕರೇ ಬಾಣ ಬಿಡುತ್ತಾರೆ. ನುರಿತ ಬಿಲ್ಲುಗಾರರು ಬಿಟ್ಟ ನಿಜವಾದ ಬಾಣಗಳು ಮಿಫುನೆಯ ಸುತ್ತಲಿನ ಹಲಗೆಗಳಿಗೆ ನಾಟುತ್ತವೆ. ಒಂದು ಕಟ್, ಕತ್ತಿನಲ್ಲಿ ಬಾಣ. ಆಮೇಲೆ ಮತ್ತೆ ನಿಧಾನ. ವಾಶಿಜು ಮೆಟ್ಟಿಲಿಳಿದು ಬರುತ್ತಾನೆ, ಸೈನಿಕರು ಹಿಂದೆ ಸರಿಯುತ್ತಾರೆ, ಅವನು ಖಡ್ಗಕ್ಕೆ ಕೈ ಹಾಕಿ ಮಂಜಿನೊಳಗೆ ಕುಸಿಯುತ್ತಾನೆ.