ಸರ್ವೆಗೆ ಬರ್ತಾರೆ, ಬರ್ಕೊಂಡು ಹೋಗ್ತಾರೆ, ನಮಗೇನು ಬಂತು?

ಪ್ರಶ್ನೆ: ನಮ್ಮೂರಿಗೆ ವರ್ಷಕ್ಕೆ ಒಂದಾದರೂ ತಂಡ ಸರ್ವೆಗೆ ಬರುತ್ತದೆ. ಮನೆಗೆ ಒಂದೊಂದು ಗಂಟೆ ಕೂರುತ್ತಾರೆ. ಎಷ್ಟು ಕುರಿ, ಎಷ್ಟು ಸಾಲ, ಕುಡಿಯೋ ನೀರು ಎಲ್ಲಿಂದ, ಎಲ್ಲ ಬರೆದುಕೊಳ್ಳುತ್ತಾರೆ. ಆಮೇಲೆ ಪತ್ತೆ ಇರುವುದಿಲ್ಲ. ಈಚೆಗೆ ಬಂದವರು ‘ಇದು ಸಹಭಾಗಿ ಸಂಶೋಧನೆ, ನೀವೂ ನಮ್ಮ ಜೊತೆ ಸಂಶೋಧಕರೇ’ ಅಂದರು. ಇದರಿಂದ ಊರಿನ ಬದುಕು ಏನಾದರೂ ಬದಲಾಗುತ್ತಾ, ಇಲ್ಲಾ ಹಳೇ ಸರ್ವೆಗೆ ಹೊಸ ಹೆಸರಾ?

ಉತ್ತರ: ಎರಡೂ ಆಗಬಹುದು. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಹಳೇ ಸರ್ವೆಯೇ.

ಹೇಳಿಬಿಡುತ್ತೇನೆ, ನಾನೂ ಆ ಫಾರಂ ಹಿಡಿದು ತಿರುಗಿದವನೇ. ಡಿಗ್ರಿ ಮುಗಿದ ಹೊಸತು, ದಿನಕ್ಕೆ ಇಷ್ಟು ಅಂತ ಕೂಲಿ, ಹದಿನಾಲ್ಕು ಪುಟದ ಫಾರಂ. ಒಂದೂರಲ್ಲಿ ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅಜ್ಜಿಯ ಹತ್ತಿರ ಹೋಗಿ ಶುರು ಮಾಡಿದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅವರು ಕೈ ನಿಲ್ಲಿಸಿ, “ಹೋದ ವರ್ಷ ಬಂದ ಹುಡುಗಿಗೂ ಇದನ್ನೇ ಹೇಳಿದ್ನಲ್ಲಪ್ಪ, ಅವಳು ನಿಮಗೆ ಹೇಳ್ಲಿಲ್ವಾ?” ಅಂದರು. ಜಗಳಕ್ಕೆ ಕೇಳಿದ್ದಲ್ಲ. ಒಂದೇ ಕೆಲಸದವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ ಅಂತಲೇ ಅವರು ನಂಬಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕನೇ ಪುಟಕ್ಕೆ ಹೋದೆ.

ಆ ಹದಿನಾಲ್ಕು ಪುಟದಲ್ಲಿ ಊರಿನವರು ಕೇಳಬೇಕು ಅಂದುಕೊಂಡಿದ್ದ ಒಂದು ಪ್ರಶ್ನೆಯೂ ಇರಲಿಲ್ಲ. ಎಲ್ಲ ಪ್ರಶ್ನೆಗಳೂ ಎಲ್ಲೋ ಎಸಿ ರೂಮಲ್ಲಿ ಹುಟ್ಟಿದ್ದವು. ನನಗೆ ಈಗ ಅನಿಸುವುದು ಇಷ್ಟೇ: ಸಹಭಾಗಿತ್ವ ಇದೆಯೋ ಇಲ್ಲವೋ ಅಂತ ನೋಡಬೇಕಾದರೆ ಉತ್ತರ ಕೊಡುವವರು ಯಾರು ಅಂತ ನೋಡಬೇಡಿ, ಪ್ರಶ್ನೆ ಯಾರದ್ದು ಅಂತ ನೋಡಿ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆ ಉದಾಹರಣೆ ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟ.

ಬೆಟ್ಟದ ಸೋಲಿಗರ ವಿಷಯ ಗೊತ್ತಲ್ವಾ? ಅಲ್ಲಿನ ಬುಡಕಟ್ಟಿನವರು, ಪೋಡು ಅನ್ನುವ ತಮ್ಮ ಹಾಡಿಗಳಲ್ಲಿ ಇರುವವರು. ನೆಲ್ಲಿಕಾಯಿ, ಜೇನು, ಪಾಚಿ ತಂದು ಲ್ಯಾಂಪ್ಸ್ ಅನ್ನುವ ಗಿರಿಜನರ ಸಹಕಾರಿ ಸೊಸೈಟಿಗೆ ಹಾಕಿ ಬದುಕುತ್ತಿದ್ದವರು. 1974ರಲ್ಲಿ ಬೆಟ್ಟ ಅಭಯಾರಣ್ಯ ಆಯಿತು. ಕಾಡಿನೊಳಗೆ ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು, ಬೇಟೆ ನಿಂತಿತು, ಮತ್ತೆ ಬೆಂಕಿಯೂ ನಿಂತಿತು. ಈ ಬೆಂಕಿಯದ್ದೇ ಮುಖ್ಯ ಕಥೆ.

ಸೋಲಿಗರು ಅದಕ್ಕೆ ತರಗು ಬೆಂಕಿ ಅನ್ನುತ್ತಾರೆ. ಬೇಸಿಗೆ ಬಿರುಸಾಗುವ ಮೊದಲೇ, ಇಬ್ಬನಿಯ ಪಸೆ ಇನ್ನೂ ಇರುವಾಗ, ನೆಲದ ಮೇಲೆ ಬಿದ್ದ ತರಗೆಲೆಗೆ ಹಚ್ಚುವ ಸಣ್ಣ ಬೆಂಕಿ. ಹೆಚ್ಚು ಎತ್ತರಕ್ಕೆ ಏಳದು, ಮರಕ್ಕೆ ಹತ್ತದು, ತರಗನ್ನೂ ಎಳೇ ಪೊದೆಯನ್ನೂ ಸುಟ್ಟು ಆರಿಹೋಗುತ್ತದೆ. ಇಲಾಖೆಯ ಕಣ್ಣಿಗೆ ಬೆಂಕಿ ಅಂದರೆ ಬೆಂಕಿ, ಅದರಲ್ಲಿ ದೊಡ್ಡದು ಚಿಕ್ಕದು ಇಲ್ಲ. ಹಚ್ಚಿದವನ ಮೇಲೆ ಕೇಸು.

ಆಮೇಲಿನ ಮೂವತ್ತು ವರ್ಷದಲ್ಲಿ ಕಾಡಿನ ತುಂಬ ಲಂಟಾನ ಎದ್ದಿತು. ಬೇಲಿಯಲ್ಲಿ ಬಣ್ಣಬಣ್ಣದ ಹೂ ಬಿಡುತ್ತದಲ್ಲ, ಅದೇ. ಮೂಲ ಅಮೆರಿಕ ಖಂಡದ್ದು, ಬ್ರಿಟಿಷರು 19ನೇ ಶತಮಾನದ ಶುರುವಿನಲ್ಲಿ ಅಲಂಕಾರಕ್ಕೆ ಅಂತ ಇಲ್ಲಿಗೆ ತಂದರು. ಬಿಆರ್‌ಟಿ (ಇದೇ ಬಿಳಿಗಿರಿರಂಗನ ಬೆಟ್ಟ) ಕಾಡಲ್ಲಿ ಗುರುತು ಮಾಡಿಟ್ಟ ತುಂಡು ಜಾಗಗಳಲ್ಲಿ ಲೆಕ್ಕ ಹಾಕಿದಾಗ 1997ರಲ್ಲಿ ನೂರಕ್ಕೆ ಸುಮಾರು ನಲವತ್ತು ಕಡೆ ಲಂಟಾನ ಇತ್ತು, 2008ರಲ್ಲಿ ಸುಮಾರು ಎಂಬತ್ತು ಕಡೆ. ಹನ್ನೊಂದೇ ವರ್ಷ. ಅದರ ಕೆಳಗೆ ಹುಲ್ಲೂ ಬರುವುದಿಲ್ಲ, ನೆಲ್ಲಿ ಸಸಿಯೂ ಏಳುವುದಿಲ್ಲ.

ಕಾರಣ ಏನು ಅಂತ ಪೋಡಿನ ಹಿರಿಯರನ್ನು ಕೇಳಿದರೆ ಥಟ್ಟನೆ ಉತ್ತರ ಬರುತ್ತಿತ್ತು: ತರಗು ಬೆಂಕಿ ನಿಂತಿತು, ಲಂಟಾನ ಬಂತು. ನೆಲ್ಲಿ ಮರದ ಮೇಲೆ ಬಂದಳಿಕೆ ಜಾಸ್ತಿ ಆಗಿದ್ದಕ್ಕೂ ಅವರು ಅದೇ ಕಾರಣ ಕೊಡುತ್ತಿದ್ದರು. ಬಂದಳಿಕೆ ಅಂದರೆ ಮರದ ಕೊಂಬೆ ಮೇಲೆ ಬೆಳೆದು ಅದರ ಸಾರ ಹೀರುವ ಗಿಡ, ಅವರ ಮಾತಲ್ಲಿ ಉಪ್ಪಿಲು. ಹಳೇ ಕಾಲದಲ್ಲಿ ಬೆಂಕಿಯ ಹೊಗೆ, ಬಿಸಿ ತಾಕಿ ಉಪ್ಪಿಲು ಹದ್ದುಬಸ್ತಿನಲ್ಲಿ ಇತ್ತು ಅನ್ನುವುದು ಅವರ ಲೆಕ್ಕ.

ಪುಸ್ತಕದ ವಿಜ್ಞಾನ ಇದರ ತದ್ವಿರುದ್ಧ ಹೇಳುತ್ತಿತ್ತು. ಲಂಟಾನ ಒಣಗಿದರೆ ಚೆನ್ನಾಗಿ ಉರಿಯುತ್ತದೆ, ಉರಿದ ಮೇಲೆ ಮತ್ತೆ ಚಿಗುರುತ್ತದೆ, ಚಿಗುರಿ ಮತ್ತೆ ಉರಿಯುತ್ತದೆ, ಹೀಗೆ ಬೆಂಕಿ ಮತ್ತು ಲಂಟಾನ ಒಂದನ್ನೊಂದು ಸಾಕುತ್ತವೆ ಅನ್ನುವ ವಾದ. ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು 2005ರಲ್ಲಿ ಈ ವಾದವನ್ನೇ ಬರೆದು ಪ್ರಕಟಿಸಿದ್ದರು. ಅದೇ ಸಂಶೋಧಕರು ಪೋಡುಗಳಲ್ಲಿ ಕೂತು, ಸೋಲಿಗರ ಜೊತೆ ಕಾಡು ಸುತ್ತಿ, ಅವರ ಮಾತನ್ನು ತಾವು ಅಳೆದ ಲೆಕ್ಕದ ಪಕ್ಕ ಇಟ್ಟು ನೋಡಿ, 2012ರಲ್ಲಿ ಇನ್ನೊಂದು ಪ್ರಬಂಧ ಬರೆದರು. ಸೋಲಿಗರ ಹೇಳಿಕೆಯನ್ನು ಗಂಭೀರವಾಗಿ ತಗೊಳ್ಳಬೇಕು, ಸಣ್ಣ ಬೆಂಕಿ ಪದೇ ಪದೇ ಬೀಳುತ್ತಿದ್ದಾಗ ಲಂಟಾನಕ್ಕೆ ತಲೆ ಎತ್ತಲು ಆಗುತ್ತಿರಲಿಲ್ಲ ಅನ್ನುವುದಕ್ಕೆ ಅರ್ಥ ಇದೆ ಅಂತ. ತಾನು ಅಚ್ಚು ಹಾಕಿಸಿದ ಮಾತನ್ನು ಏಳು ವರ್ಷದ ಮೇಲೆ ತಾನೇ ಮತ್ತೆ ಕೆದಕಿ ನೋಡುವುದು ಸುಲಭ ಅಲ್ಲ ಸ್ವಾಮಿ. ನಮ್ಮಲ್ಲಿ ಎಷ್ಟು ಜನ ಮಾಡುತ್ತಾರೆ ಹೇಳಿ.

ಇಲ್ಲಿ ನ್ಯಾಯದ ಪ್ರಶ್ನೆ ಎಲ್ಲಿ ಬಂತು ಅನ್ನುತ್ತೀರಾ? ಆ ಹೊತ್ತಿಗೆ ನೆಲ್ಲಿಕಾಯಿ ಕೀಳುವುದರಿಂದಲೇ ಕಾಡು ಹಾಳಾಗುತ್ತಿದೆ ಅನ್ನುವ ಮಾತು ಗಟ್ಟಿಯಾಗಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆಯಿತು, ಅದರ ಹೆಸರಲ್ಲಿ ಮುಂದಿನ ವರ್ಷಗಳಲ್ಲಿ ಬೆಟ್ಟದಲ್ಲಿ ಮಾರಾಟಕ್ಕೆ ನೆಲ್ಲಿ, ಜೇನಿನಂಥ ಕಿರು ಅರಣ್ಯ ಉತ್ಪನ್ನ ತರುವುದನ್ನೇ ನಿಲ್ಲಿಸಿದರು. ಸೋಲಿಗರ ಮನೆಗೆ ಬರುತ್ತಿದ್ದ ಕಾಸಿಗೆ ಕಲ್ಲು ಬಿತ್ತು. ನೆಲ್ಲಿ ಮರಗಳನ್ನು ವರ್ಷಗಟ್ಟಲೆ ಎಣಿಸಿ ನೋಡಿದ ಅಧ್ಯಯನಗಳಲ್ಲಿ ಮಾತ್ರ ಬೇರೆಯೇ ಕಂಡಿತು. ನೆಲ್ಲಿ ಕಡಿಮೆಯಾಗುವುದಕ್ಕೆ ಕಾಯಿ ಕೀಳುವುದಕ್ಕಿಂತ ಲಂಟಾನ ಮತ್ತು ಉಪ್ಪಿಲು ದೊಡ್ಡ ಕಾರಣ. ಯಾರು ತಪ್ಪಿತಸ್ಥರು ಅಂತ ಹೇಳುವುದೇ ಒಂದು ಅಧಿಕಾರ. ಲೆಕ್ಕ ಇಡುವ ಕೆಲಸದಲ್ಲಿ ಸೋಲಿಗರೂ ಇದ್ದಿದ್ದಕ್ಕೆ ಆ ಅಧಿಕಾರ ಸ್ವಲ್ಪವಾದರೂ ಹಂಚಿಕೆಯಾಯಿತು.

ಆ ಲೆಕ್ಕದ ವಿಧಾನವೂ ಚೆನ್ನಾಗಿತ್ತು. 1990ರ ದಶಕದಿಂದಲೇ ಕಾಯಿ ಕೀಳುವ ಮೊದಲು ಸೋಲಿಗರು ಮತ್ತು ಸಂಶೋಧಕರು ಸೇರಿ ಮರ ನೋಡಿ ಈ ಸಲ ಫಸಲು ಎಷ್ಟು ಅಂತ ಅಂದಾಜು ಮಾಡುವುದು, ಆಮೇಲೆ ಎಷ್ಟು ಕಿತ್ತರು ಅಂತ ಬರೆಯುವುದು, ಕೆಳಗೆ ಸಸಿ ಎಷ್ಟು ಎದ್ದಿವೆ ಅಂತ ನೋಡುವುದು. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಅಲ್ಲಿ ಆಸ್ಪತ್ರೆ, ಶಾಲೆ ನಡೆಸುತ್ತಾ ಇದ್ದಿದ್ದರಿಂದ ಜನರಿಗೆ ಹೊರಗಿನವರ ಮೇಲೆ ಒಂದಿಷ್ಟು ನಂಬಿಕೆ ಮೊದಲೇ ಇತ್ತು. ಇದನ್ನು ಯಾರೂ ವರದಿಯಲ್ಲಿ ದೊಡ್ಡದಾಗಿ ಬರೆಯುವುದಿಲ್ಲ. ಎರಡು ವರ್ಷದ ಪ್ರಾಜೆಕ್ಟ್ ಹಿಡಿದು ಬಂದವರಿಗೆ ಈ ನಂಬಿಕೆ ಎಲ್ಲಿಂದ ಸಿಗಬೇಕು?

ಇನ್ನೊಂದು ಕೆಲಸ ನಕ್ಷೆಯದ್ದು. ನನಗೆ ತುಂಬಾ ಇಷ್ಟವಾದ ಭಾಗ ಇದು. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರ ಜಾಗ, ಮಾರಮ್ಮನ ಜಾಗ, ವೀರು ಅಂತ ಅವರು ಕರೆಯುವ ಜಾಗ, ಸತ್ತವರಿಗೆ ಕಲ್ಲು ನಿಲ್ಲಿಸುವ ಕಲ್ಲುಗುಡಿ, ನೀರಿನ ಅಬ್ಬಿ. ಹಿರಿಯರು ಮುಂದೆ ನಡೆಯುವುದು, ಜಿಪಿಎಸ್ ಹಿಡಿದ ಹುಡುಗರು ಹಿಂದೆ ಹೋಗುವುದು, ಹೀಗೆ ನಾನೂರಕ್ಕೂ ಜಾಸ್ತಿ ಜಾಗ ಗುರುತು ಮಾಡಿದರು. ಇಲಾಖೆಯ ನಕ್ಷೆಯಲ್ಲಿ ಬರೀ ಬೀಟು, ರೇಂಜು ಅಂತ ಇಲಾಖೆಯದೇ ವಿಭಾಗಗಳು ಇದ್ದ ಕಡೆ ಇಲ್ಲಿ ಜನರ ಹೆಸರುಗಳು ಬಂದವು.

ನಕ್ಷೆಯಿಂದ ಏನು ಪ್ರಯೋಜನ ಅನ್ನುವುದು ಕಾನೂನು ನೋಡಿದರೆ ತಿಳಿಯುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಹಕ್ಕು ಕೇಳುವಾಗ ಯಾವ ಸಾಕ್ಷಿ ಕೊಡಬಹುದು ಅಂತ ಪಟ್ಟಿ ಇದೆ. ಬರೀ ಸರಕಾರಿ ಕಾಗದ ಅಲ್ಲ, ದೇವರ ಜಾಗ, ಸ್ಮಶಾನ, ಹಳೇ ಬಾವಿ, ಊರಿನ ಹಿರಿಯರ ಹೇಳಿಕೆ, ಇವೆಲ್ಲ ಸಾಕ್ಷಿಯೇ. ಅಂದರೆ ಅಜ್ಜ ತೋರಿಸಿದ ಕಲ್ಲುಗುಡಿ ಕಚೇರಿಯ ಮೇಜಿನ ಮೇಲೆ ದಾಖಲೆಯಾಗಿ ಕೂರಬಹುದು, ಯಾರಾದರೂ ಅದನ್ನು ಸರಿಯಾಗಿ ಬರೆದು ಗುರುತು ಮಾಡಿಟ್ಟಿದ್ದರೆ. 2011ರಲ್ಲಿ ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ ಆಯಿತು, ಎಲ್ಲರಿಗೂ ಒಕ್ಕಲೆಬ್ಬಿಸುವ ಭಯ. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನ ಒಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಇದು ಸಂಶೋಧಕರ ಗೆಲುವು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೋಲಿಗ ಅಭಿವೃದ್ಧಿ ಸಂಘದವರು ಕಚೇರಿಯಿಂದ ಕಚೇರಿಗೆ ಸವೆಸಿದ ಚಪ್ಪಲಿಯ ಗೆಲುವು ಅದು. ಸಂಶೋಧನೆ ಅವರ ಕೈಗೆ ಒಂದು ಕಾಗದ ಕೊಟ್ಟಿತು, ಅಷ್ಟೇ. ಆ ‘ಅಷ್ಟೇ’ ಸಣ್ಣದಲ್ಲ. ಸೋಲಿಗರಲ್ಲೇ ಹುಟ್ಟಿ ಪಿಎಚ್‌ಡಿ ಮಾಡಿದ ಡಾ. ಸಿ. ಮಾದೇಗೌಡರಂಥವರು ಈ ಎರಡೂ ಕಡೆ, ಸಂಘದಲ್ಲೂ ಸಂಶೋಧನೆಯಲ್ಲೂ, ಕೆಲಸ ಮಾಡಿದ್ದು ದೊಡ್ಡ ಬಲ.

ಹಾಗಾದರೆ ಎಲ್ಲ ಸರಿಹೋಯಿತಾ? ಇಲ್ಲ. ತರಗು ಬೆಂಕಿ ಇವತ್ತಿಗೂ ಅಪರಾಧವೇ. ಪ್ರಬಂಧ ಬಂತು, ಪತ್ರಿಕೆಗಳಲ್ಲಿ ಬಂತು, ಹಚ್ಚುವ ಅನುಮತಿ ಬರಲಿಲ್ಲ. ಇದಕ್ಕೆ ಒಂದು ನಿಜವಾದ ಅಡ್ಡಿಯೂ ಇದೆ. ಆಳೆತ್ತರ ಲಂಟಾನ ತುಂಬಿದ ಕಾಡಿಗೆ ಈಗ ಸುಮ್ನೆ ಕಡ್ಡಿ ಗೀರಿದರೆ ಅದು ಹಳೇ ತರಗು ಬೆಂಕಿ ಆಗುವುದಿಲ್ಲ, ಮರದ ತುದಿ ಮುಟ್ಟುವ ಕಾಡ್ಗಿಚ್ಚೇ ಆಗುತ್ತದೆ. ಮೊದಲು ಲಂಟಾನ ಕಿತ್ತು, ಆಮೇಲೆ ಚಿಕ್ಕ ಚಿಕ್ಕ ಜಾಗದಲ್ಲಿ ಹಚ್ಚಿ ನೋಡಬೇಕು. ಅದಕ್ಕೆ ಇಲಾಖೆ, ಪೋಡು, ವಿಜ್ಞಾನಿ ಮೂವರೂ ಒಂದೇ ದಿನ ಒಂದೇ ಜಾಗದಲ್ಲಿ ನಿಲ್ಲಬೇಕು. ಒಟ್ಟಿಗೆ ತಿಳಿದುಕೊಳ್ಳುವುದಕ್ಕೆ ಒಪ್ಪುವವರು ಒಟ್ಟಿಗೆ ತೀರ್ಮಾನ ಮಾಡೋಣ ಅಂದರೆ ಹಿಂದೆ ಸರಿಯುತ್ತಾರೆ. ನನಗೆ ಕಾಣುವ ದೊಡ್ಡ ಸಮಸ್ಯೆ ಇದೇ.

ದುಡ್ಡಿನ ವಿಷಯ ಬಂದರೆ ಇನ್ನೂ ತೊಡಕು. ಕೇರಳದ ಆರೋಗ್ಯಪಚ್ಚದ ಕಥೆ ಕೇಳಿ. 1987ರಲ್ಲಿ ತಿರುವನಂತಪುರ ಕಡೆಯ ಅಗಸ್ತ್ಯ ಬೆಟ್ಟಕ್ಕೆ ಹೋದ ವಿಜ್ಞಾನಿಗಳ ತಂಡ ಏದುಸಿರು ಬಿಡುತ್ತಿದ್ದರೆ, ದಾರಿ ತೋರಿಸಲು ಬಂದಿದ್ದ ಕಾಣಿ ಬುಡಕಟ್ಟಿನ ಯುವಕರು ಒಂದು ಗಿಡದ ಕಾಯಿ ಬಾಯಿಗೆ ಹಾಕಿಕೊಂಡು ಸಲೀಸಾಗಿ ಹತ್ತುತ್ತಿದ್ದರು. ಆ ಗಿಡದಿಂದ ‘ಜೀವನಿ’ ಅನ್ನುವ ಔಷಧ ಬಂತು. 1995ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಕೊಯಮತ್ತೂರಿನ ಕಂಪನಿಗೆ 10 ಲಕ್ಷ ರೂಪಾಯಿ ಮತ್ತು ಮಾರಾಟದ ಮೇಲೆ ಶೇ. 2ರಷ್ಟು ರಾಯಧನಕ್ಕೆ ಕೊಟ್ಟರು, ಬಂದಿದ್ದರಲ್ಲಿ ಅರ್ಧ ಕಾಣಿಗಳಿಗೆ ಅಂತ ಸಂಶೋಧನಾ ಸಂಸ್ಥೆ ತಾನಾಗಿ ಒಪ್ಪಿಕೊಂಡಿತು. ಹೀಗೆ ಲಾಭ ಹಂಚಿಕೊಳ್ಳಬೇಕು ಅನ್ನುವ ಜೀವವೈವಿಧ್ಯ ಕಾಯ್ದೆ ಬಂದಿದ್ದು 2002ರಲ್ಲಿ, ಅಂದರೆ ಕಾನೂನಿನ ಒತ್ತಾಯ ಇಲ್ಲದೆ ಮಾಡಿದ್ದು. ಮೆಚ್ಚಬೇಕು. ಆದರೆ ಕಾಣಿಗಳು ಹಲವು ಪಂಚಾಯಿತಿಗಳಲ್ಲಿ ಇದ್ದಾರೆ, ಎಲ್ಲರನ್ನೂ ಯಾರೂ ಕೇಳಿರಲಿಲ್ಲ. ಗುಟ್ಟು ಹೊರಗೆ ಹೋಗಿದ್ದು ತಪ್ಪು ಅಂತ ಅವರ ವೈದ್ಯರು ಕೆಲವರು ಸಿಟ್ಟಾದರು. ಸಾಲದ್ದಕ್ಕೆ ಗಿಡ ಇದ್ದಿದ್ದು ಮೀಸಲು ಅರಣ್ಯದಲ್ಲಿ, ಅದನ್ನು ತಂದು ಮಾರಲು ಅರಣ್ಯ ಇಲಾಖೆ ಅಡ್ಡಿ ಮಾಡಿತು. ಕಾಣಿಗಳ ಟ್ರಸ್ಟ್‌ಗೆ ಮೊದಲ 5 ಲಕ್ಷ ಚಿಲ್ಲರೆ ಹಣ ಸೇರುವಾಗ 1999. ‘ಸಮುದಾಯ’ ಅಂದ ತಕ್ಷಣ ಒಂದೇ ಬಾಯಿ, ಒಂದೇ ಮಾತು ಅಂದುಕೊಳ್ಳುವುದು ಹೊರಗಿನವರ ಭ್ರಮೆ. ಪೋಡಲ್ಲೂ, ನಿಮ್ಮೂರಲ್ಲೂ, ಗೌಡರ ಜಗಲಿ ಮೇಲೆ ಕೂತು ಕೇಳಿದರೆ ಒಂದು ಉತ್ತರ, ನಲ್ಲಿ ಹತ್ತಿರ ಹೆಂಗಸರನ್ನು ಕೇಳಿದರೆ ಇನ್ನೊಂದು, ಅಲ್ವಾ?

ಇನ್ನು ನಿಮ್ಮೂರಿಗೆ ಬಂದ ತಂಡದ ವಿಷಯ. ಅವರನ್ನು ಓಡಿಸಬೇಡಿ, ಕೂರಿಸಿ ಕಾಫಿ ಕೊಡಿ, ಆಮೇಲೆ ನೀವೇ ಪ್ರಶ್ನೆ ಶುರು ಮಾಡಿ. ಈ ಫಾರಂನಲ್ಲಿ ನಮ್ಮದೂ ಎರಡು ಪ್ರಶ್ನೆ ಸೇರಿಸ್ತೀರಾ ಅಂತ ಕೇಳಿ. ನಿಮ್ಮೂರಲ್ಲಿ ಬೋರ್‌ವೆಲ್ ಬತ್ತಿದ್ದೇ ದೊಡ್ಡ ತಲೆನೋವಾಗಿದ್ದರೆ ಅದೇ ಪ್ರಶ್ನೆ ಆಗಲಿ. ಓಡಾಡುವ ಹುಡುಗ ಹುಡುಗಿಯರಿಗೆ ದಿನಗೂಲಿ ಎಷ್ಟು, ಅವರ ಹೆಸರು ವರದಿಯಲ್ಲಿ ಎಲ್ಲಿ ಬರುತ್ತೆ ಅಂತ ಕೇಳಿ. ಬರೆದುಕೊಂಡ ಲೆಕ್ಕದ ಒಂದು ಪ್ರತಿ ಕನ್ನಡದಲ್ಲಿ ಗ್ರಾಮಸಭೆಗೆ ಯಾವ ತಿಂಗಳು ತಂದು ಓದ್ತೀರಿ ಅಂತ ತಾರೀಖು ಹಾಕಿಸಿಕೊಳ್ಳಿ. ಪಂಚಾಯಿತಿಗೂ ಹೋಗಿ ಜೀವವೈವಿಧ್ಯ ದಾಖಲೆ ಪುಸ್ತಕ ಎಲ್ಲಿದೆ ಅಂತ ಕೇಳಿ ನೋಡಿ. ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜನರನ್ನು ಕೇಳಿ ಬರೆದ ಅಂಥದ್ದೊಂದು ಇರಬೇಕು. ಇದ್ದರೆ ತೆಗೆದು ನಿಮ್ಮೂರಿನ ಗಿಡ ಮರ, ಕೆರೆಯ ಹೆಸರು ಸರಿಯಾಗಿ ಬರೆದಿದ್ದಾರಾ ಓದಿ. ಅದರಲ್ಲಿ ತಪ್ಪು ಕಂಡರೆ, ತಿದ್ದುವುದಕ್ಕೆ ಊರಿನ ನಾಲ್ಕು ಹಿರಿಯರನ್ನು ಕರೆದುಕೊಂಡು ಹೋಗಿ. ಮುಂದಿನ ಸಲ ಸರ್ವೆಯವರು ಬಂದಾಗ ಅವರ ಕೈಗೆ ಮೊದಲು ಆ ಪುಸ್ತಕ ಕೊಡಿ, ಕೇಳಿದ್ದನ್ನೇ ಮತ್ತೆ ಕೇಳುವುದಾದರೂ ತಪ್ಪುತ್ತದೆ.